ಮೋಟರ್ ಸದ್ದು ಕೇಳಿಸದ ಓದುಗನಿಗೆ

ಪುಟ್ಟಾ, ಹೋದ ಶನಿವಾರ ಬೆಳಗ್ಗೆ ಮನೆಯಲ್ಲಿ ಏನಾಯಿತೆಂದು ಫೋನಿನಲ್ಲಿ ಅರ್ಧ ಹೇಳಿದ್ದೆ. ಉಳಿದರ್ಧವನ್ನು ಕೂತು ಬರೆಯುತ್ತಿದ್ದೇನೆ. ನೀನು ಈಗ ಕೈಹಾಕಿರುವ, ಎಐ ಏಜೆಂಟಿನ ಉಪಕರಣಗಳಿಗೆ ವಿವರಣೆ ಬರೆಯುವ ಕೆಲಸಕ್ಕೂ ಅದಕ್ಕೂ ನೇರ ಸಂಬಂಧ ಇದೆ ಕಣೋ.

ಆರು ಗಂಟೆಗೆ ಸಂಪಿನ ಮೋಟರ್ ಎಂದಿನಂತೆ ತಾನೇ ಆನ್ ಆಯಿತು. 25 ನಿಮಿಷ ಓಡಿ ತಾನೇ ನಿಲ್ಲಬೇಕು, ಹಾಗಂತ ನೀನೇ ಕಟ್ಟಿಕೊಟ್ಟ ವ್ಯವಸ್ಥೆ. ಆವತ್ತು ನಿಲ್ಲಲಿಲ್ಲ. ನಾನು ಅಡುಗೆಮನೆಯಲ್ಲಿ ಅಜ್ಜಿಗೆ ಕಾಫಿ ಮಾಡುತ್ತಿದ್ದೆ. ಮೋಟರ್ ಸದ್ದು ಕಿವಿಗೆ ಬೀಳುತ್ತಲೇ ಇತ್ತು, ಆದರೆ ಎರಡು ವರ್ಷದಿಂದ ಅದು ತಾನೇ ನಿಲ್ಲುವುದನ್ನು ನೋಡಿದವಳು ಗಡಿಯಾರ ನೋಡಲು ಹೋಗಲಿಲ್ಲ. ಏಳು ಗಂಟೆ ಹೊತ್ತಿಗೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೂಗಿದರು. ಟ್ಯಾಂಕ್ ತುಂಬಿ, ತಾರಸಿಯ ಮೂಲೆಯ ಕೊಳವೆಯಿಂದ ನೀರು ಧಾರಾಕಾರವಾಗಿ ಅವರ ತುಳಸಿಕಟ್ಟೆಯ ಮೇಲೆ ಬೀಳುತ್ತಿತ್ತು. ಓಡಿಹೋಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದೆ. ಸಂಪಿನ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಗೇಣುದ್ದ ನೀರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಮೋಟರ್ ನೀರಿಲ್ಲದೆ ಓಡಿ ಸುಟ್ಟುಹೋಗುತ್ತಿತ್ತು.

ಆಮೇಲೆ ನೀನು ಲಾಗ್ ತೆಗೆದು ಓದಿದೆಯಲ್ಲ, ಅದರಲ್ಲಿ ಯಾರದ್ದೂ ತಪ್ಪಿರಲಿಲ್ಲ. ನಿನಗೆ ಅಲ್ಲಿ ಸಿಯಾಟಲ್‌ನಲ್ಲಿ ಶುಕ್ರವಾರ ಸಂಜೆ. ಕೆಲಸ ಮುಗಿಸಿ ಕೂತವನು ನಿನ್ನ ಏಜೆಂಟಿಗೆ ಹೇಳಿದೆ: ಮೈಸೂರು ಮನೆಯ ಮೋಟರ್ ಇನ್ನುಮುಂದೆ ಆರರ ಬದಲು ಐದೂವರೆಗೆ ಹಾಕಿಕೊಳ್ಳಲಿ. ಅದು ಕಡತ ತೆರೆದು ಹೊತ್ತನ್ನು ಸರಿಯಾಗಿ ತಿದ್ದಿತು. ತಿದ್ದಿದ್ದನ್ನು ಜಾರಿಗೆ ತರಲು ನೀನು ಬರೆದುಕೊಟ್ಟ ರೀಲೋಡ್ ಉಪಕರಣವನ್ನು ಕರೆಯಿತು. ಯಶಸ್ವಿ ಎಂದು ಉತ್ತರ ಬಂತು, ನಿನಗೂ ಹಾಗೆಯೇ ಹೇಳಿತು. ಆಗ ಇಲ್ಲಿ ಆರು ಗಂಟೆ ಹತ್ತು ನಿಮಿಷ. ಮೋಟರ್ ಓಡುತ್ತಿತ್ತು. ನಮ್ಮ ಮನೆಯ ಸಾಧನಗಳನ್ನು ನಡೆಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್‌ನಲ್ಲಿ ತಿದ್ದಿದ ಆಟೊಮೇಶನ್, ಅಂದರೆ ತಾನಾಗಿ ನಡೆಯುವ ನಿಯಮ, ರೀಲೋಡ್ ಆದಾಗ, ಅದರ ಹಳೆಯ ರೂಪ ನಡುವೆ ಎಲ್ಲಿದ್ದರೂ ಅಲ್ಲೇ ನಿಂತುಹೋಗುತ್ತದೆ. 'ಮೋಟರ್ ಹಾಕು, 25 ನಿಮಿಷ ಕಾಯಿ, ಮೋಟರ್ ಆರಿಸು' ಎಂಬ ಮೂರು ಹೆಜ್ಜೆಗಳಲ್ಲಿ ಎರಡನೆಯದರ ಮಧ್ಯೆ ಅದು ಇಲ್ಲವಾಯಿತು. ಮೂರನೆಯ ಹೆಜ್ಜೆ ಇಡುವವರು ಯಾರೂ ಉಳಿಯಲಿಲ್ಲ.

ನಿನ್ನ ಉಪಕರಣದ ವಿವರಣೆಯಲ್ಲಿ ಇದ್ದದ್ದು ಒಂದೇ ಸಾಲು: 'ಮನೆಯ ಕಾನ್ಫಿಗರೇಶನ್ ರೀಲೋಡ್ ಮಾಡುತ್ತದೆ.' ಆ ಸಾಲಿನಲ್ಲಿ ಸುಳ್ಳಿಲ್ಲ. ನಾನು ಮಾತಾಡಬೇಕೆಂದಿರುವುದು ಆ ಸಾಲಿನ ಬಗ್ಗೆಯೇ.

ನಿನಗೆ ಗೊತ್ತಿದೆ, ನಾನು 31 ವರ್ಷ ಬೆಂಗಳೂರಿನ ಒಂದು ಯಂತ್ರೋಪಕರಣ ಕಾರ್ಖಾನೆಯಲ್ಲಿ ಲೇತ್, ಮಿಲ್ಲಿಂಗ್ ಯಂತ್ರಗಳ ಕೈಪಿಡಿ ಬರೆದವಳು. ಸೇರಿದ ಹೊಸತರಲ್ಲಿ ಒಂದು ಕರಡಿನಲ್ಲಿ 'ಲಿವರನ್ನು ಬೇಕಾದ ವೇಗಕ್ಕೆ ತಿರುಗಿಸಿ' ಎಂದಷ್ಟೇ ಬರೆದಿದ್ದೆ. ಶಾಪ್ ಫ್ಲೋರಿನ ಹಿರಿಯ ಆಪರೇಟರ್ ಒಬ್ಬರು ಓದಿ, "ಸ್ಪಿಂಡಲ್ ಪೂರ್ತಿ ನಿಂತ ಮೇಲೆ ಅನ್ನೋದು ಎಲ್ಲಮ್ಮಾ?" ಅಂದರು. ಅದು ಎಲ್ಲರಿಗೂ ಗೊತ್ತಿರುವ ಮಾತಲ್ಲವೇ ಅಂದೆ. "ಗೊತ್ತಿರೋನು ನಿಮ್ಮ ಪುಸ್ತಕ ಯಾಕೆ ತೆಗೀತಾನೆ?" ಅಂದರು. ತಿರುಗುತ್ತಿರುವ ಸ್ಪಿಂಡಲ್ ಮೇಲೆ ಗೇರ್ ಬದಲಿಸಿದರೆ ಹಲ್ಲು ಮುರಿಯುತ್ತದೆ. ಆದರೂ ಆ ಕಾಲದಲ್ಲಿ ನನ್ನ ಕೊರತೆಯನ್ನು ಆಪರೇಟರ್‌ನ ಕಿವಿ ತುಂಬಿಕೊಡುತ್ತಿತ್ತು. ಯಂತ್ರ ಎದುರಿಗಿದೆ, ಸದ್ದು ಕೇಳುತ್ತಿದೆ, ಕೈ ತಾನೇ ತಡೆಯುತ್ತದೆ. ನಿನ್ನ ಏಜೆಂಟಿಗೆ ಆ ಕಿವಿ ಇಲ್ಲ. ಮೋಟರ್ ಓಡುತ್ತಿದೆಯೇ ಎಂದು ಅದು ಕೇಳಿ ತಿಳಿಯಬಲ್ಲದು, ಸ್ಥಿತಿ ನೋಡುವ ಉಪಕರಣವನ್ನೂ ನೀನು ಕೊಟ್ಟಿದ್ದೀಯ. ಆದರೆ ರೀಲೋಡ್‌ಗೆ ಮೊದಲು ಅದನ್ನು ನೋಡಬೇಕೆಂದು ಅದಕ್ಕೆ ಅನ್ನಿಸಲು ಕಾರಣ ಬೇಕಲ್ಲ? ಆ ಕಾರಣ ಬರೆದಿಡಲು ತಕ್ಕ ಜಾಗ ಉಪಕರಣದ ವಿವರಣೆ.

ಈ ಓದುಗ ಹೇಗೆ ಓದುತ್ತದೆ ಎಂಬುದನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೋ. ಏಜೆಂಟಿಗೆ ಉಪಕರಣಗಳನ್ನು ಜೋಡಿಸಲು ನೀನು ಬಳಸುತ್ತಿರುವ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್ (ಎಂಸಿಪಿ) ಅನ್ನು ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಹೊರತಂದಿತು. ಅದರ ಪ್ರಕಾರ ಪ್ರತಿ ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ, ಒಳಗೆ ಏನೇನು ಕೊಡಬಹುದು ಎಂಬ ನಮೂನೆ ಇರುತ್ತದೆ. ಏಜೆಂಟಿಗೆ ಕಾಣುವುದು ಇಷ್ಟೇ. ನೀನು ಬರೆದ ಕೋಡ್ ಅದಕ್ಕೆ ಕಾಣುವುದಿಲ್ಲ, ಕೋಡಿನೊಳಗೆ ನೀನು ಬರೆದುಕೊಂಡ ಟಿಪ್ಪಣಿಯೂ ಕಾಣುವುದಿಲ್ಲ. ಹತ್ತಾರು ಉಪಕರಣಗಳ ಪಟ್ಟಿ ಮುಂದಿರುತ್ತದೆ, ಈ ಮೂರನ್ನು ಓದಿ ಯಾವುದನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸುತ್ತದೆ. ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಹೊಸ ಮಾತುಕತೆ ಶುರುವಾದಾಗ, ಎಲ್ಲೂ ಬರೆದಿಡದಿದ್ದರೆ, ಹೋದ ಶನಿವಾರದ ನೀರಿನ ಕಥೆ ಅದಕ್ಕೆ ನೆನಪಿರುವುದಿಲ್ಲ. ಕಾರ್ಖಾನೆಯಲ್ಲಿ ಒಬ್ಬ ಹುಡುಗನಿಗೆ ಒಮ್ಮೆ ಪೆಟ್ಟಾದರೆ ಇಡೀ ಶಾಪ್ ಹತ್ತು ವರ್ಷ ಅದನ್ನು ಮಾತಾಡಿಕೊಳ್ಳುತ್ತಿತ್ತು. ನಿನ್ನ ಏಜೆಂಟಿಗೆ ಅಂಥ ಶಾಪ್ ಇಲ್ಲ. ಪ್ರತಿದಿನ ಬೆಳಗ್ಗೆ ಹೊಸದಾಗಿ ಕೆಲಸಕ್ಕೆ ಸೇರುವ ಜಾಣ ಹುಡುಗ ಅಂತಿಟ್ಟುಕೋ. ಅವನ ಕೈಗೆ ನೀನು ಕೊಡುವ ಚೀಟಿಯೇ ಆ ಮನೆಯ ಇಡೀ ಅನುಭವ.

ಹೆಸರಿನಿಂದ ಶುರು ಮಾಡೋಣ. 2013ರಲ್ಲಿ ಪೌಲಸ್ ಸ್ಕೌಟ್ಸನ್ ಶುರುಮಾಡಿದ ಹೋಮ್ ಅಸಿಸ್ಟೆಂಟ್ ಇವತ್ತು ಬಹಳ ದೊಡ್ಡದಾಗಿ ಬೆಳೆದಿದೆ. ಅದರಲ್ಲಿ ರೀಲೋಡ್ ಎಂಬುದು ಒಂದಲ್ಲ, ಒಂದು ಮಂದೆ. ಆಟೊಮೇಶನ್‌ಗೆ ಬೇರೆ, ಸ್ಕ್ರಿಪ್ಟ್‌ಗೆ ಬೇರೆ, ಸೀನ್‌ಗೆ ಬೇರೆ, ಟೆಂಪ್ಲೇಟ್‌ಗೆ ಬೇರೆ. ಪರದೆಯ ಮೂಲಕ ಸೇರಿಸಿದ ಇಂಟಿಗ್ರೇಶನ್‌ಗಳಿಗೆ, ಅಂದರೆ ಸಾಧನಗಳನ್ನು ಜೋಡಿಸುವ ಭಾಗಗಳಿಗೆ, ಮತ್ತೊಂದು. ಇವುಗಳ ನಡುವೆ 'ಕೋರ್ ಕಾನ್ಫಿಗ್ ರೀಲೋಡ್' ಎಂಬ ಹೆಸರಿನದೂ ಇದೆ. ಕೇಳಿದರೆ ಇಡೀ ಮನೆಯ ಬುಡವನ್ನೇ ಹೊಸದಾಗಿ ಓದಿಸುತ್ತದೆ ಎನ್ನಿಸುತ್ತದೆ. ಅದು ಓದುವುದು ಕಾನ್ಫಿಗರೇಶನ್ ಬರೆದಿಡುವ ಯಾಮಲ್ ಕಡತದಲ್ಲಿ ಮನೆಯ ಹೆಸರು, ಸ್ಥಳ, ಅಳತೆಯ ಮಾನ ಇಂಥವುಗಳಿರುವ ಒಂದು ಭಾಗವನ್ನು ಮಾತ್ರ. ಏಜೆಂಟ್ ಒಂದು ಆಟೊಮೇಶನ್ ತಿದ್ದಿ ಇದನ್ನು ಕರೆದರೆ ತಪ್ಪಿನ ಸಂದೇಶ ಬರುವುದಿಲ್ಲ, ಮನೆಯೂ ಬದಲಾಗುವುದಿಲ್ಲ. ಹಳೆಯ ನಿಯಮವೇ ಓಡುತ್ತಿರುತ್ತದೆ. ಇಂಥ ಕಡೆ ಉಪಕರಣ ಏನು ಮಾಡುತ್ತದೆ ಎಂದು ಹೇಳಿದರೆ ಸಾಲದು. 'ಆಟೊಮೇಶನ್ ತಿದ್ದಿದ್ದರೆ ಇದನ್ನು ಬಳಸಬೇಡ, ಆಟೊಮೇಶನ್ ರೀಲೋಡ್ ಬಳಸು' ಎಂದು ಕೈಹಿಡಿದು ತೋರಿಸಬೇಕು. ನನ್ನ ಅನುಭವದಲ್ಲಿ ಯಾವ ಕೈಪಿಡಿಯಲ್ಲೂ ಜನ ಕೊನೆಗೆ ಬರೆಯುವುದು, ಎಷ್ಟೋ ಸಲ ಬರೆಯದೇ ಬಿಡುವುದು, 'ಇದು ಯಾವಾಗ ಬೇಡ' ಎಂಬ ಭಾಗವನ್ನು. ನೀನು ಅದನ್ನು ಎರಡನೆಯ ಸಾಲಿಗೇ ತಂದುಬಿಡು.

ರೀಲೋಡ್‌ನಿಂದ ಆಗದ ಕೆಲಸಗಳನ್ನೂ ಅಲ್ಲೇ ಹೇಳು. ಕಡತದಲ್ಲಿ ಮೊದಲ ಸಲ ಟೆಂಪ್ಲೇಟ್ ಭಾಗವನ್ನು ಬರೆದರೆ, ಆ ಇಂಟಿಗ್ರೇಶನ್ ಇನ್ನೂ ಎದ್ದೇ ಇರದಿದ್ದಾಗ ಅದರ ರೀಲೋಡ್ ಎಲ್ಲಿಂದ ಬರಬೇಕು? ಆಗ ರೀಸ್ಟಾರ್ಟೇ ಬೇಕು. ಹೊರಗಿನಿಂದ ತಂದು ಹಾಕಿದ ಇಂಟಿಗ್ರೇಶನ್‌ನ ಕೋಡ್ ತಿದ್ದಿದರೂ ಹಾಗೆಯೇ. ಇದು ಗೊತ್ತಿಲ್ಲದ ಏಜೆಂಟ್ ರೀಲೋಡ್ ಮಾಡುತ್ತದೆ, ಏನೂ ಆಗಲಿಲ್ಲವೆಂದು ಚೆನ್ನಾಗಿದ್ದ ಕಡತವನ್ನು ಮತ್ತೆ ತಿದ್ದುತ್ತದೆ, ಮತ್ತೆ ರೀಲೋಡ್ ಮಾಡುತ್ತದೆ. ನಾಲ್ಕನೆಯ ಸುತ್ತಿಗೆ ಕಡತ ಗುರುತು ಸಿಗದ ಹಾಗಾಗಿರುತ್ತದೆ.

ಇನ್ನು 'ಯಶಸ್ವಿ' ಎಂಬ ಮಾತು. ನನಗೆ ಬಹಳ ಚಿಂತೆ ಹಚ್ಚಿದ್ದು ಇದೇ.

ರೀಲೋಡ್‌ಗೆ ಮೊದಲು ಕಾನ್ಫಿಗರೇಶನ್ ಪರೀಕ್ಷೆ ಮಾಡಬಹುದು ಎಂಬುದು ನಿನಗೆ ಗೊತ್ತು. ಎಲ್ಲವನ್ನೂ ಒಟ್ಟಿಗೆ ಓದಿಸುವ ರೀಲೋಡ್ ತಾನೇ ಮೊದಲು ಪರೀಕ್ಷೆ ಮಾಡಿಕೊಂಡು, ಕಡತ ಕೆಟ್ಟಿದ್ದರೆ ಒಲ್ಲೆ ಅನ್ನುತ್ತದೆ. ರೀಸ್ಟಾರ್ಟ್ ಕೂಡ ಹಾಗೆ. ಆದರೆ ಬಿಡಿಬಿಡಿ ರೀಲೋಡ್‌ಗಳ ವಿಷಯದಲ್ಲಿ, ಕರೆ ತಪ್ಪಿಲ್ಲದೆ ಮರಳಿತು ಎಂದ ಮಾತ್ರಕ್ಕೆ ಹೊಸದು ಜಾರಿಗೆ ಬಂತು ಎಂದುಕೊಳ್ಳಬಾರದು. ದೋಷ ಲಾಗ್‌ನಲ್ಲಿ ಸುಮ್ಮನೆ ಕೂತಿರಬಹುದು. ಒಂದು ಆಟೊಮೇಶನ್ ಮಾತ್ರ ಕೆಟ್ಟಿದ್ದರೆ ಅದೊಂದು 'ಲಭ್ಯವಿಲ್ಲ' ಎಂಬ ಸ್ಥಿತಿಯಲ್ಲಿ ನಿಲ್ಲುತ್ತದೆ, ಉಳಿದವೆಲ್ಲ ಚೆನ್ನಾಗಿ ಎದ್ದುಬರುತ್ತವೆ. ಹಾಗಾಗಿ ವಿವರಣೆಯಲ್ಲಿ ಬರೆ: ಮೊದಲು ಪರೀಕ್ಷೆ, ಆಮೇಲೆ ರೀಲೋಡ್, ಆಮೇಲೆ ತಿದ್ದಿದ ಆಟೊಮೇಶನ್‌ನ ಸ್ಥಿತಿ ನೋಡು, ಲಾಗ್‌ನ ಕೊನೆಯ ಸಾಲು ನೋಡು, ಇಷ್ಟಾದ ಮೇಲೆ ಮಾತ್ರ ಮನೆಯವರಿಗೆ 'ಆಯಿತು' ಎಂದು ಹೇಳು.

ಪರೀಕ್ಷೆಯ ಮಿತಿಯನ್ನೂ ಬರೆ. ಯಾಮಲ್‌ನ ಸಾಲಿನ ಅಂಚು ತಪ್ಪಿದ್ದರೆ, ಖಾಲಿ ಜಾಗದ ಬದಲು ಟ್ಯಾಬ್ ಬಿದ್ದಿದ್ದರೆ ಪರೀಕ್ಷೆ ಹಿಡಿಯುತ್ತದೆ. ಇಲ್ಲದ ಸ್ವಿಚ್ಚಿನ ಹೆಸರು ಬರೆದಿದ್ದರೆ ಅದು ಹಿಡಿಯುವುದಿಲ್ಲ, ಏಕೆಂದರೆ ವ್ಯಾಕರಣ ಸರಿಯಾಗಿಯೇ ಇರುತ್ತದೆ. ಅಜ್ಜಿಗೆ ಅರ್ಥವಾಗಲೆಂದು ನೀನು ಮನೆಯ ಸಾಧನಗಳಿಗೆಲ್ಲ ಕನ್ನಡದಲ್ಲಿ ಹೆಸರಿಟ್ಟೆಯಲ್ಲ, ಅದನ್ನು ಕಂಡು ನನಗೆಷ್ಟು ಸಂತೋಷವಾಗಿತ್ತು. ಆದರೆ ಒಳಗಿನ ಗುರುತಿಗೆ ಹೋಮ್ ಅಸಿಸ್ಟೆಂಟ್ ಆ ಕನ್ನಡವನ್ನು ರೋಮನ್ ಅಕ್ಷರಕ್ಕೆ ಇಳಿಸಿಕೊಳ್ಳುತ್ತದೆ. ಆ ಅಕ್ಷರಗಳು ನಾವು ಬರೆಯುವ ಹಾಗೆ ಇರುವುದಿಲ್ಲ. ಏಜೆಂಟ್ 'ಸಂಪು ಮೋಟರ್' ಎಂದು ಕೇಳಿ ಗುರುತನ್ನು ಊಹಿಸಿ ಬರೆದರೆ ಕೆಟ್ಟಿತು. 'ಗುರುತನ್ನು ಊಹಿಸಬೇಡ, ಪಟ್ಟಿ ತರಿಸಿ ನೋಡಿ ಬರೆ' ಎಂಬ ಒಂದು ಸಾಲು ನಮ್ಮ ಮನೆಯಂಥ ಮನೆಗೆ ಕಡ್ಡಾಯ.

ಯಾಮಲ್‌ನ ಇನ್ನೆರಡು ಹೊಂಡಗಳನ್ನು ನೀನೇ ಒಮ್ಮೆ ನನಗೆ ತೋರಿಸಿದ್ದೆ. ಉದ್ಧರಣ ಚಿಹ್ನೆ ಇಲ್ಲದೆ ಆನ್ ಎಂದು ಬರೆದರೆ ಅದು ಪದವಾಗಿ ಉಳಿಯದೆ 'ನಿಜ' ಎಂಬ ತಾರ್ಕಿಕ ಮೌಲ್ಯವಾಗುತ್ತದೆ. ರಾತ್ರಿ 22:30:00 ಎಂದು ಹಾಗೆಯೇ ಬರೆದರೆ ಯಾಮಲ್‌ನ ಹಳೆಯ ನಿಯಮ ಅದನ್ನು ಅರವತ್ತರ ಲೆಕ್ಕದಲ್ಲಿ ಕೂಡಿ 81000 ಎಂಬ ಸಂಖ್ಯೆ ಮಾಡಿಬಿಡುತ್ತದೆ. ಇವನ್ನು ರೀಲೋಡ್‌ನ ವಿವರಣೆಯಲ್ಲಿ ತುರುಕಬೇಡ, ಕಡತ ತಿದ್ದುವ ಉಪಕರಣದ ವಿವರಣೆಯಲ್ಲಿ ಇರಲಿ. ಯಾವ ಮಾತು ಯಾವ ಬಾಗಿಲಿನ ಮೇಲೆ ಇರಬೇಕೋ ಅಲ್ಲೇ ಇದ್ದರೆ ಓದುವವನಿಗೆ ಸಿಗುತ್ತದೆ.

ಈಗ ಶನಿವಾರದ ಗಾಯಕ್ಕೆ ಬರುತ್ತೇನೆ. ರೀಲೋಡ್ ಎಂದರೆ ಹೊಸದನ್ನು ಓದುವುದು ಎಂದು ನಾವು ಅಂದುಕೊಳ್ಳುತ್ತೇವೆ. ಹಳೆಯದನ್ನು ಕಿತ್ತುಹಾಕುವುದೂ ಅದರಲ್ಲಿ ಸೇರಿದೆ. ನಡುವೆ ಕಾಯುತ್ತಿರುವುದೆಲ್ಲ ಕಳೆದುಹೋಗುತ್ತದೆ. 25 ನಿಮಿಷದ ಕಾಯುವಿಕೆ ಕಣ್ಣಿಗೆ ಕಾಣುವಂಥದ್ದು. ಕಾಣದ್ದು ಇನ್ನೊಂದಿದೆ: 'ಬಚ್ಚಲಿನಲ್ಲಿ 10 ನಿಮಿಷ ಯಾರ ಚಲನೆಯೂ ಇಲ್ಲದಿದ್ದರೆ ಗೀಸರ್ ಆರಿಸು' ಎಂಬಂಥ ನಿಯಮ. ಎಂಟು ನಿಮಿಷ ಆಗಿರುವಾಗ ಆ ನಿಯಮ ರೀಲೋಡ್ ಆದರೆ ಎಂಟು ನಿಮಿಷದ ಲೆಕ್ಕ ಅಳಿಸಿಹೋಗುತ್ತದೆ. ಹೋಮ್ ಅಸಿಸ್ಟೆಂಟ್‌ನ ಸ್ವಂತ ಕೈಪಿಡಿಯಲ್ಲೇ ಈ ಎಚ್ಚರಿಕೆ ಬರೆದಿದ್ದಾರೆ. ರೀಸ್ಟಾರ್ಟ್ ಆದರೂ ರೀಲೋಡ್ ಆದರೂ ಇಂಥ ಕಾಯುವಿಕೆ ಉಳಿಯುವುದಿಲ್ಲ. ಅಲ್ಲಿ ಬರೆದಿರುವುದು ನಿನ್ನ ಉಪಕರಣದ ಮೇಲೆ ಬಾರದೆ ಹೋಯಿತು, ಅಷ್ಟೇ ಆದದ್ದು.

ಒಂದು ಸಮಾಧಾನದ ಸಂಗತಿಯೂ ಇದೆ, ಅದನ್ನೂ ಬರೆ. ಈಗಿನ ಹೋಮ್ ಅಸಿಸ್ಟೆಂಟ್ ಬದಲಾಗದ ಆಟೊಮೇಶನ್‌ಗಳನ್ನು ರೀಲೋಡ್‌ನಲ್ಲಿ ಮುಟ್ಟುವುದಿಲ್ಲ, ತಿದ್ದಿದವನ್ನು ಮಾತ್ರ ಕಿತ್ತು ನೆಡುತ್ತದೆ. ಹಾಗಾಗಿ ಏಜೆಂಟ್ ಇಡೀ ಮನೆ ಸ್ತಬ್ಧವಾಗುವ ತನಕ ಕಾಯಬೇಕಿಲ್ಲ. ತಾನು ತಿದ್ದಿದ್ದು ಈ ಹೊತ್ತು ಓಡುತ್ತಿದೆಯೇ, ಅದು ಹಾಕಿದ ಮೋಟರ್, ಗೀಸರ್, ಒಲೆ ಯಾವುದಾದರೂ ಆನ್ ಆಗಿದೆಯೇ, ಇಷ್ಟು ನೋಡಿದರೆ ಸಾಕು. ಆನ್ ಆಗಿದ್ದರೆ ಕಾಯಲಿ, ಇಲ್ಲವೇ ಮನುಷ್ಯರನ್ನು ಕೇಳಲಿ. ಭಯ ಹುಟ್ಟಿಸುವ ವಿವರಣೆಯೂ ಒಳ್ಳೆಯದಲ್ಲ ಕಣೋ. 'ಅಪಾಯ, ಎಚ್ಚರ' ಎಂದು ಬರೀ ಕೂಗಿದರೆ ಏಜೆಂಟ್ ಪ್ರತಿ ಸಣ್ಣ ಕೆಲಸಕ್ಕೂ ನಿನ್ನನ್ನು ಕೇಳುತ್ತದೆ, ನೀನು ನಾಲ್ಕು ದಿನದಲ್ಲಿ ಓದದೆಯೇ 'ಹೂಂ' ಒತ್ತಲು ಕಲಿಯುತ್ತೀಯ. ಅಪಾಯದ ಗಾತ್ರ, ಅದರ ಕಾರಣ, ತಪ್ಪಿಸುವ ದಾರಿ ಮೂರನ್ನೂ ಒಟ್ಟಿಗೆ ಹೇಳಿದರೆ ಮಾತ್ರ ಓದುವವನು ಬುದ್ಧಿ ಉಪಯೋಗಿಸುತ್ತಾನೆ.

ಇಂಟಿಗ್ರೇಶನ್ ರೀಲೋಡ್ ಬೇರೆಯೇ ಜಾತಿ. ಅದನ್ನು ಮಾಡಿದಾಗ ಅದರ ಕೆಳಗಿನ ದೀಪ, ಸ್ವಿಚ್, ಸೆನ್ಸರ್ ಎಲ್ಲ ಸ್ವಲ್ಪ ಹೊತ್ತು 'ಲಭ್ಯವಿಲ್ಲ' ಆಗಿ ಮತ್ತೆ ಬರುತ್ತವೆ. ಆ ಬಂದುಹೋಗುವಿಕೆಯನ್ನೇ ಬದಲಾವಣೆ ಎಂದು ತಿಳಿದು ಕೆಲವು ಆಟೊಮೇಶನ್‌ಗಳು ಎದ್ದುಬಿಡಬಹುದು. ರಾತ್ರಿ ಎರಡು ಗಂಟೆಗೆ ಅಜ್ಜಿ ಬಚ್ಚಲಿಗೆ ಎದ್ದಾಗ ತಾನಾಗಿ ಹತ್ತುವ ಆ ದೀಪ ಇದೆಯಲ್ಲ, ಅದು ಆ ಹೊತ್ತಿಗೆ ಸರಿಯಾಗಿ ಹತ್ತದಿದ್ದರೆ ಏನಾಗಬಹುದೆಂದು ನಾನು ಹೇಳಬೇಕಿಲ್ಲ. ಅಜ್ಜಿಗೆ ಎಂಬತ್ತಾರು. ನಿನಗೆ ಹಗಲಾಗಿರುವಾಗ ನಮಗೆ ರಾತ್ರಿ. ಆದ್ದರಿಂದ ಮನೆ ಯಾವ ಕಾಲಮಾನದಲ್ಲಿದೆ, ಇಂಟಿಗ್ರೇಶನ್ ರೀಲೋಡ್‌ಗೂ ರೀಸ್ಟಾರ್ಟ್‌ಗೂ ಮನೆಯ ಗಡಿಯಾರದಲ್ಲಿ ಯಾವ ಹೊತ್ತು ಸರಿ ಎಂಬುದು ವಿವರಣೆಯಲ್ಲಿ ಇರಲೇಬೇಕು. 'ರಾತ್ರಿ' ಎಂದು ಬರೆಯಬೇಡ. ಯಾರ ರಾತ್ರಿ ಎಂದು ಬರೆ.

ಎಂಸಿಪಿಯಲ್ಲಿ ಉಪಕರಣದ ಜೊತೆಗೆ ಕೆಲವು ಸುಳಿವುಗಳನ್ನು ಕೊಡಬಹುದಲ್ಲ: ಇದು ಓದುವುದಷ್ಟೇ ಮಾಡುತ್ತದೆಯೇ, ಹಾನಿ ಮಾಡಬಲ್ಲದೇ, ಎರಡು ಸಲ ಕರೆದರೂ ಒಮ್ಮೆ ಕರೆದಷ್ಟೇ ಪರಿಣಾಮವೇ ಎಂದು. ಏನೂ ಬರೆಯದೆ ಬಿಟ್ಟರೆ ಹಾನಿ ಮಾಡಬಲ್ಲದು ಎಂದೇ ಎಣಿಸಬೇಕೆಂದು ನಿಯಮ. ನೀನು ರೀಲೋಡ್‌ಗೆ 'ಹಾನಿ ಇಲ್ಲ, ಎಷ್ಟು ಸಲ ಕರೆದರೂ ಒಂದೇ' ಎಂದು ಗುರುತು ಹಾಕಿದ್ದೆ. ಕಡತದ ದೃಷ್ಟಿಯಿಂದ ನೋಡಿದರೆ ಅದು ಸರಿ, ರೀಲೋಡ್ ಕಡತದ ಒಂದಕ್ಷರವನ್ನೂ ಅಳಿಸುವುದಿಲ್ಲ. ಮನೆಯ ದೃಷ್ಟಿಯಿಂದ ನೋಡು. ಇಂಟಿಗ್ರೇಶನ್ ಅನ್ನು ಎರಡು ಸಲ ರೀಲೋಡ್ ಮಾಡಿದರೆ ದೀಪಗಳು ಎರಡು ಸಲ ಕೈತಪ್ಪುತ್ತವೆ. ಓಡುತ್ತಿದ್ದ ನಿಯಮ ಒಮ್ಮೆ ಸತ್ತರೆ ಮೋಟರ್ ನಿಲ್ಲುವುದಿಲ್ಲ. ನನ್ನ ತೀರ್ಮಾನ ಇಷ್ಟು: ಪರೀಕ್ಷೆ ಮಾಡುವ ಉಪಕರಣಕ್ಕೆ 'ಓದುವುದಷ್ಟೇ' ಎಂಬ ಗುರುತು ಧೈರ್ಯವಾಗಿ ಹಾಕು. ಇಂಟಿಗ್ರೇಶನ್ ರೀಲೋಡ್‌ಗೂ ರೀಸ್ಟಾರ್ಟ್‌ಗೂ ಹಾನಿಯ ಗುರುತು ತೆಗೆಯಬೇಡ. ಆಟೊಮೇಶನ್ ರೀಲೋಡ್ ವಿಷಯದಲ್ಲಿ ವಾದ ಮಾಡಬಹುದು, ನಾನಾದರೆ ಅಲ್ಲೂ ಇಡುತ್ತೇನೆ. ಗುರುತುಗಳು ಸುಳಿವು ಮಾತ್ರ, ಬೀಗ ಅಲ್ಲ. ಬೀಗ ಬೇಕಾದ ಕಡೆ ಕೋಡಿನಲ್ಲೇ ಹಾಕು. ಮೋಟರ್ ಆನ್ ಇದ್ದರೆ ನಿನ್ನ ಉಪಕರಣವೇ ರೀಲೋಡ್‌ಗೆ ಒಪ್ಪದೆ, ಯಾಕೆ ಒಪ್ಪಲಿಲ್ಲ ಎಂದು ಹೇಳಲಿ.

ಆ 'ಯಾಕೆ' ಕೂಡ ಬರಹವೇ, ನೆನಪಿಡು. ಉಪಕರಣ ಹಿಂದಿರುಗಿಸುವ ಸಂದೇಶವೂ ಏಜೆಂಟ್ ಓದುವ ಕೈಪಿಡಿಯ ಒಂದು ಪುಟ. 'ದೋಷ ಸಂಭವಿಸಿದೆ' ಎಂಬ ಎರಡು ಪದ ಓದಿದ ಏಜೆಂಟ್ ಏನು ಮಾಡಬೇಕು? ಯಾವ ಕಡತ, ಎಷ್ಟನೆಯ ಸಾಲು, ಏನು ನಿರೀಕ್ಷಿಸಿತ್ತು, ಏನು ಸಿಕ್ಕಿತು, ಈಗ ಮನೆಯಲ್ಲಿ ಹಳೆಯದು ಓಡುತ್ತಿದೆಯೋ ಹೊಸದೋ, ಮುಂದೆ ಏನು ಮಾಡಬಹುದು. ಇಷ್ಟೂ ಬಂದರೆ ಅದು ತಾನೇ ತಿದ್ದಿಕೊಳ್ಳುತ್ತದೆ. ಉಪಕರಣದ ದೋಷವನ್ನು ಉತ್ತರದ ಒಳಗೇ, ದೋಷ ಎಂಬ ಗುರುತಿನೊಂದಿಗೆ ಕೊಡಬೇಕೆಂದು ಎಂಸಿಪಿಯಲ್ಲಿ ಹೇಳಿರುವುದೂ ಏಜೆಂಟ್ ಅದನ್ನು ಓದಿ ಸರಿಪಡಿಸಿಕೊಳ್ಳಲಿ ಎಂದೇ. ಒಂದು ಎಚ್ಚರ: ಗುಟ್ಟಿನ ಕಡತದಲ್ಲಿರುವ ಪಾಸ್‌ವರ್ಡ್‌ಗಳು ದೋಷದ ಸಾಲಿನ ಜೊತೆ ಹೊರಬರದ ಹಾಗೆ ನೋಡಿಕೋ.

ಹಾಗೆಯೇ ನಿನ್ನ ಉಪಕರಣ ಮನೆಯೊಳಗೆ ಹೋಗಲು ಬಳಸುವ ಟೋಕನ್ ಕೂಡ ಹೊರಬರಬಾರದು. ಹೋಮ್ ಅಸಿಸ್ಟೆಂಟ್ ಕೊಡುವ ದೀರ್ಘಾವಧಿ ಟೋಕನ್ 10 ವರ್ಷ ನಡೆಯುತ್ತದೆ, ನಿನ್ನದಕ್ಕೆ ಇರುವ ಹಕ್ಕೂ ದೊಡ್ಡದು. ಹೋಮ್ ಅಸಿಸ್ಟೆಂಟ್ ತಾನೇ ಭಾಷಾ ಮಾದರಿಗಳಿಗೆ ತೆರೆದಿಟ್ಟಿರುವ ಅಸಿಸ್ಟ್ ದಾರಿಯಲ್ಲಿ ಆಡಳಿತದ ಕೆಲಸಗಳನ್ನು ಸೇರಿಸಿಲ್ಲ. ದೀಪ ಹಾಕಬಹುದು, ಫ್ಯಾನ್ ತಿರುಗಿಸಬಹುದು, ಅಷ್ಟೇ. ರೀಲೋಡ್ ಮಾಡಲು ಆಡಳಿತದ ಹಕ್ಕು ಬೇಕು. ಅವರು ಮುಚ್ಚಿಟ್ಟ ಬಾಗಿಲನ್ನು ನೀನು ನಿನ್ನ ಉಪಕರಣದಿಂದ ತೆರೆದಿದ್ದೀಯ. ತೆರೆದದ್ದು ತಪ್ಪೆಂದು ನಾನು ಹೇಳುವುದಿಲ್ಲ, ಅಷ್ಟು ದೂರದಲ್ಲಿದ್ದುಕೊಂಡು ನಮ್ಮನ್ನು ನೋಡಿಕೊಳ್ಳಲು ನಿನಗೆ ಅದು ಬೇಕು. ತೆರೆದವನು ಹೊಸ್ತಿಲಲ್ಲಿ ಬರೆದಿಡಬೇಕಾದದ್ದು ಹೆಚ್ಚು, ಅಷ್ಟೇ.

ಎಷ್ಟು ಉದ್ದ ಬರೆಯಬೇಕು ಎಂದು ಕೇಳುತ್ತೀಯ. ಏಜೆಂಟಿಗೆ ಈಗಾಗಲೇ ಗೊತ್ತಿರುವುದನ್ನು ಬಿಟ್ಟುಬಿಡು. ಯಾಮಲ್ ಎಂದರೇನು, ಹೋಮ್ ಅಸಿಸ್ಟೆಂಟ್ ಎಂದರೇನು ಎಂದು ಅದಕ್ಕೆ ಪಾಠ ಬೇಡ. ಪ್ರತಿ ಉಪಕರಣದ ವಿವರಣೆಯೂ ಅದರ ತಲೆಯಲ್ಲಿ ಜಾಗ ಹಿಡಿಯುತ್ತದೆ. ನಿನ್ನ ಮನೆಗೆ, ನಿನ್ನ ಉಪಕರಣಕ್ಕೆ ಮಾತ್ರ ನಿಜವಾದದ್ದನ್ನು ಬರೆ. ಪದಗಳ ವಿಷಯದಲ್ಲಿ ಒಂದು ಮಾತು: 2024ರ ಆಗಸ್ಟ್ ಬಿಡುಗಡೆಯಿಂದ ಹೋಮ್ ಅಸಿಸ್ಟೆಂಟ್ 'ಸರ್ವಿಸ್' ಎಂಬುದನ್ನು 'ಆಕ್ಷನ್' ಎಂದು ಕರೆಯುತ್ತಿದೆ. ಹಳೆಯ ಬರಹಗಳಲ್ಲೆಲ್ಲ ಹಳೆಯ ಪದವೇ ಇದೆ, ಏಜೆಂಟ್ ಕಲಿತದ್ದೂ ಅವುಗಳಿಂದಲೇ. ಒಂದು ಸಲ ಎರಡನ್ನೂ ಸೇರಿಸಿ ಹೇಳಿ, ಆಮೇಲೆ ಹೊಸದನ್ನೇ ಬಳಸು. ತಿಂಗಳಿಗೊಂದು ಬಿಡುಗಡೆ ಬರುವ ತಂತ್ರಾಂಶ ಅದು, ಹಾಗಾಗಿ ನಿನ್ನ ವಿವರಣೆಯನ್ನು ಯಾವ ಬಿಡುಗಡೆಯ ಮೇಲೆ ಪರೀಕ್ಷಿಸಿದೆ ಎಂದು ಕೊನೆಯಲ್ಲಿ ನಮೂದಿಸು.

ನಾನು ಕೂತು ಒಂದು ಕರಡು ಮಾಡಿದ್ದೇನೆ. ನೀನು ಬೇಕಾದರೆ ಇಂಗ್ಲಿಷಿಗೆ ತಂದುಕೋ:

'ಆಟೊಮೇಶನ್ ಕಡತ ತಿದ್ದಿದ ಮೇಲೆ ಅದನ್ನು ಜಾರಿಗೆ ತರಲು ಈ ಉಪಕರಣ ಬಳಸು. ಸ್ಕ್ರಿಪ್ಟ್, ಟೆಂಪ್ಲೇಟ್, ಇಂಟಿಗ್ರೇಶನ್ ತಿದ್ದಿದ್ದರೆ ಇದು ಸಲ್ಲದು, ಅವುಗಳದ್ದೇ ರೀಲೋಡ್ ಬಳಸು. ತಿದ್ದಿದ ಆಟೊಮೇಶನ್ ಈಗ ಓಡುತ್ತಿದ್ದರೆ ರೀಲೋಡ್ ಅದನ್ನು ಅರ್ಧಕ್ಕೆ ನಿಲ್ಲಿಸುತ್ತದೆ, ಅದು ಹಾಕಿದ ಮೋಟರ್ ಅಥವಾ ಗೀಸರನ್ನು ಆಮೇಲೆ ಯಾರೂ ಆರಿಸುವುದಿಲ್ಲ. ಆದ್ದರಿಂದ ಮೊದಲು ಸಂಪು ಮೋಟರ್ ಮತ್ತು ಗೀಸರ್ ಸ್ಥಿತಿ ನೋಡು. ಯಾವುದಾದರೂ ಆನ್ ಇದ್ದರೆ ಅದು ಆರುವವರೆಗೆ ಕಾಯಿ ಅಥವಾ ಮನೆಯವರನ್ನು ಕೇಳು. ನಂತರ ಕಾನ್ಫಿಗರೇಶನ್ ಪರೀಕ್ಷೆ ಮಾಡು. ದೋಷವಿದ್ದರೆ ರೀಲೋಡ್ ಮಾಡಬೇಡ. ಈ ಉಪಕರಣ ಯಶಸ್ವಿ ಎಂದರೆ ಕರೆ ತಲುಪಿತು ಎಂದಷ್ಟೇ ಅರ್ಥ. ತಿದ್ದಿದ ಆಟೊಮೇಶನ್ "ಲಭ್ಯವಿಲ್ಲ" ಆಗಿಲ್ಲವೆಂದೂ ಲಾಗ್‌ನಲ್ಲಿ ಹೊಸ ದೋಷವಿಲ್ಲವೆಂದೂ ನೋಡಿದ ಮೇಲೆ ಕೆಲಸ ಮುಗಿಯಿತು ಎಂದು ಹೇಳು. ಎರಡು ಸಲ ಪ್ರಯತ್ನಿಸಿದರೂ ಬದಲಾವಣೆ ಕಾಣದಿದ್ದರೆ ಕಡತವನ್ನು ಮತ್ತೆ ತಿದ್ದಬೇಡ, ನಿಲ್ಲಿಸಿ ತಿಳಿಸು. ಮನೆ ಭಾರತೀಯ ಕಾಲಮಾನದಲ್ಲಿದೆ. ವಯಸ್ಸಾದವರು ವಾಸವಿದ್ದಾರೆ.'

ಕೊನೆಯ ವಾಕ್ಯವನ್ನು ತೆಗೆಯಬೇಡ. ತಂತ್ರಜ್ಞಾನದ ವಿವರಣೆಯಲ್ಲಿ ಅದಕ್ಕೇನು ಕೆಲಸ ಎಂದು ನಿನ್ನ ಗೆಳೆಯರು ಕೇಳಬಹುದು. ಅಲ್ಲಿ ಬರೆಯದ ಇನ್ನೂ ನೂರು ಸಂದರ್ಭಗಳಲ್ಲಿ ಏಜೆಂಟ್ ಯಾವ ಕಡೆ ವಾಲಬೇಕೆಂದು ತಿಳಿಯುವುದು ಆ ವಾಕ್ಯದಿಂದ.

ಬರೆದಾದ ಮೇಲೆ ಪರೀಕ್ಷಿಸುವ ಕ್ರಮ ಹೇಳುತ್ತೇನೆ. ನಾವು ಕೈಪಿಡಿಯ ಕರಡನ್ನು ಆ ಯಂತ್ರ ನೋಡದ ಒಬ್ಬ ಅಪ್ರೆಂಟಿಸ್ ಕೈಗೆ ಕೊಟ್ಟು, ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲುತ್ತಿದ್ದೆವು. ಅವನು ಎಲ್ಲಿ ತಡವರಿಸಿದನೋ ಅಲ್ಲಿ ನಮ್ಮ ವಾಕ್ಯ ಕೆಟ್ಟಿದೆ ಎಂದು ಅರ್ಥ. ನೀನೂ ಹಾಗೆ ಮಾಡು. ಹಳೆಯ ಮಾತುಕತೆಯಲ್ಲಿ ಕೇಳಬೇಡ, ಪ್ರತಿ ಸಲ ಹೊಸದು ತೆರೆ. ನಿನ್ನ ಹಾಗೆ ಕರಾರುವಾಕ್ಕಾಗಿ ಕೇಳಬೇಡ. ಅಜ್ಜಿ ಕೇಳುವ ಹಾಗೆ ಕೇಳು: "ಆ ನೀರಿಂದು ಒಂಚೂರು ಬೇಗ ಬರೋ ಹಾಗೆ ಮಾಡಪ್ಪಾ." ಮೋಟರ್ ಆನ್ ಇಟ್ಟು ಕೇಳು, ಆರಿಸಿ ಕೇಳು. ಕಡತದಲ್ಲಿ ಬೇಕೆಂದೇ ಒಂದು ತಪ್ಪು ಹಾಕಿ ಕೇಳು. ಯಾವ ಉಪಕರಣ ಎತ್ತಿಕೊಂಡಿತು, ಯಾವ ಕ್ರಮದಲ್ಲಿ, ಎಲ್ಲಿ ಅವಸರಪಟ್ಟಿತು ಎಂದು ಬರೆದುಕೋ. ತಪ್ಪಿದ ಪ್ರಶ್ನೆಗಳನ್ನು ಒಂದು ಪುಸ್ತಕದಲ್ಲಿ ಇಟ್ಟು, ವಿವರಣೆಯ ಒಂದು ಪದ ತಿದ್ದಿದಾಗಲೂ ಅವನ್ನೇ ಮತ್ತೆ ಕೇಳು. ನನ್ನನ್ನು ಕರೆ, ನಾನು ಇಲ್ಲಿ ಸ್ಟಾರ್ಟರ್ ಪಕ್ಕ ನಿಂತಿರುತ್ತೇನೆ.

ಸ್ಟಾರ್ಟರ್ ಎಂದಾಗ ನೆನಪಾಯಿತು. ಮೊನ್ನೆ ಎಲೆಕ್ಟ್ರಿಷಿಯನ್ ಬಂದಿದ್ದರು. ಟ್ಯಾಂಕಿನಲ್ಲೂ ಸಂಪಿನಲ್ಲೂ ಒಂದೊಂದು ಫ್ಲೋಟ್ ಸ್ವಿಚ್ ಹಾಕಿಸೋಣ ಎಂದು ಒಪ್ಪಿಸಿದ್ದೇನೆ. ಟ್ಯಾಂಕ್ ತುಂಬಿದರೆ ಅಥವಾ ಸಂಪು ಬರಿದಾದರೆ ಅವು ನೇರವಾಗಿ ಮೋಟರ್‌ನ ವಿದ್ಯುತ್ತನ್ನೇ ಕಡಿಯುತ್ತವೆ. ನಡುವೆ ಯಾವ ಕಡತವೂ ಇಲ್ಲ, ಯಾವ ರೀಲೋಡ್‌ನಿಂದಲೂ ಅವಕ್ಕೆ ತೊಂದರೆಯಿಲ್ಲ. ನೀನು ಬರೆಯುವ ವಿವರಣೆ ಎಷ್ಟೇ ಚೆನ್ನಾಗಿರಲಿ, ಇದೂ ಇರಲಿ. ಬುಧವಾರ ಕೆಲಸ ಶುರು ಮಾಡುತ್ತಾರಂತೆ. ಅವರು ತಂತಿ ಬಿಚ್ಚಿರುವ ಹೊತ್ತಿನಲ್ಲಿ ನಿನ್ನ ಏಜೆಂಟಾಗಲಿ ಆಟೊಮೇಶನ್ ಆಗಲಿ ಮೋಟರ್ ಹಾಕಬಾರದು, ಬುಧವಾರ ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಎರಡನ್ನೂ ತಡೆದಿಡು. ಇಲ್ಲಿನ ಬುಧವಾರ. ಪಕ್ಕದ ಮನೆಗೆ ಹೋಗಿ ತುಳಸಿಕಟ್ಟೆಯ ಮಣ್ಣು ಸರಿಮಾಡಿ, ಹೊಸ ಗಿಡ ಕೊಟ್ಟು ಬಂದೆ. ಅಜ್ಜಿ ಚೆನ್ನಾಗಿದ್ದಾರೆ.